ಬೆತ್ತಲೆ ಚಿತ್ರ ಮತ್ತು ಕೋರ್ಟಿನ ಕಣ್ಣು

ಬಟ್ಟೆಯಿಲ್ಲದ ದೇಹವೆಲ್ಲ ಅಶ್ಲೀಲವೇ? ಈ ಪ್ರಶ್ನೆ ಬಂದಾಗಲೆಲ್ಲ ನಮ್ಮ ಕೋರ್ಟುಗಳು ಬಹುಕಾಲ ಹಿಡಿದದ್ದು ವಿಕ್ಟೋರಿಯಾ ರಾಣಿಯ ಕಾಲದ ಅಳತೆಗೋಲನ್ನು. ಕ್ಯಾಥೊಲಿಕ್ ಪಾದ್ರಿಗಳನ್ನು ಜರೆದ ಕಿರುಹೊತ್ತಗೆಯೊಂದರ ಮೊಕದ್ದಮೆಯಲ್ಲಿ, 1868ರಲ್ಲಿ, ಇಂಗ್ಲೆಂಡಿನ ನ್ಯಾಯಾಧೀಶ ಕಾಕ್‌ಬರ್ನ್ ಅದನ್ನು ರೂಪಿಸಿದರು: ಸುಲಭವಾಗಿ ಕೆಡುವ ಮನಸ್ಸಿನವರನ್ನು ಕೆಡಿಸಬಲ್ಲದ್ದು ಅಶ್ಲೀಲ. ಇದೇ 'ಹಿಕ್ಲಿನ್ ಪರೀಕ್ಷೆ'. ಎಲ್ಲರೂ ಏನನ್ನು ನೋಡಬಹುದೆಂದು ತೀರ್ಮಾನಿಸುವವನು ಹೀಗೆ ಅತಿ ದುರ್ಬಲ ಮನಸ್ಸಿನ ನೋಡುಗನಾದ.

ಭಾರತೀಯ ದಂಡ ಸಂಹಿತೆಯ 292ನೇ ಕಲಂನಲ್ಲಿ ಮೊದಲಿಗೆ ಅಶ್ಲೀಲವೆಂದರೇನು ಎಂಬ ವಿವರಣೆ ಇರಲಿಲ್ಲ. ಆ ಖಾಲಿ ಜಾಗಕ್ಕೆ ಹಿಕ್ಲಿನ್ ಬಂದು ಕೂತಿತು. 'ಲೇಡಿ ಚಾಟರ್ಲೀಸ್ ಲವರ್' ಪ್ರಕಟಿಸಿದ ಪೆಂಗ್ವಿನ್ ಸಂಸ್ಥೆಯನ್ನು 1960ರಲ್ಲಿ ಲಂಡನ್ ಜ್ಯೂರಿ ಬಿಡುಗಡೆ ಮಾಡಿತು. ಅದೇ ಕಾದಂಬರಿ ಮಾರಿದ ಬೊಂಬಾಯಿಯ ಪುಸ್ತಕದಂಗಡಿಯವರ ಶಿಕ್ಷೆಯನ್ನು 1964ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆದರೂ ತೀರ್ಪು ಬರೆದ ನ್ಯಾಯಮೂರ್ತಿ ಹಿದಾಯತುಲ್ಲಾ ಒಂದು ಕಿಂಡಿ ತೆರೆದಿಟ್ಟಿದ್ದರು: ಕಲೆಯಲ್ಲಿನ ಬೆತ್ತಲೆ ತಾನಾಗಿಯೇ ಅಶ್ಲೀಲವಲ್ಲ, ಮೈಕೆಲಾಂಜೆಲೊನ ದೇವದೂತರಿಗೆ ಚಡ್ಡಿ ತೊಡಿಸಬೇಕಿಲ್ಲ.

ಆ ಕಿಂಡಿ ಅಗಲವಾಗಲು ಮೂರು ದಶಕ ಹಿಡಿಯಿತು. 'ಬ್ಯಾಂಡಿಟ್ ಕ್ವೀನ್' ಚಿತ್ರದಲ್ಲಿ ಫೂಲನ್ ದೇವಿಯನ್ನು ಊರಿನೆದುರು ಬೆತ್ತಲೆ ನಡೆಸುವ ದೃಶ್ಯವಿದೆ. ಅದು ಕಾಮವನ್ನಲ್ಲ, ಹಾಗೆ ಮಾಡಿದವರ ಮೇಲೆ ಹೇಸಿಗೆಯನ್ನು ಹುಟ್ಟಿಸುತ್ತದೆ ಎಂದು 1996ರಲ್ಲಿ ಕೋರ್ಟ್ ಹೇಳಿತು. ಟೆನಿಸ್ ಆಟಗಾರ ಬೋರಿಸ್ ಬೆಕರ್ ತನ್ನ ಕಪ್ಪುವರ್ಣೀಯ ಭಾವಿ ಪತ್ನಿಯೊಡನೆ ಬೆತ್ತಲಾಗಿ ನಿಂತ ಚಿತ್ರವನ್ನು 1993ರಲ್ಲಿ ಕೋಲ್ಕತ್ತದ ಪತ್ರಿಕೆಗಳು ಮರುಮುದ್ರಿಸಿದ್ದವು. ಅದು ವರ್ಣಭೇದದ ವಿರುದ್ಧದ ಮಾತು. ಆ ಪತ್ರಿಕೆಗಳ ಮೇಲೆ ಹೂಡಿದ್ದ ಪ್ರಕರಣವನ್ನು ರದ್ದುಗೊಳಿಸುತ್ತ 2014ರಲ್ಲಿ ಸುಪ್ರೀಂ ಕೋರ್ಟ್ ಹಿಕ್ಲಿನ್‌ಗೆ ವಿದಾಯ ಹೇಳಿತು. ಚಿತ್ರವನ್ನು ಅದರ ಸಂದರ್ಭದಲ್ಲಿಟ್ಟು, ಇಂದಿನ ಸಮಾಜದ ಸಾಮಾನ್ಯ ಮನುಷ್ಯನ ಕಣ್ಣಿನಿಂದ ನೋಡಬೇಕೆಂದಿತು. ಮಕ್ಕಳಿಂದ ತನ್ನ ಅರೆಬೆತ್ತಲೆ ಮೈಮೇಲೆ ಚಿತ್ರ ಬರೆಸಿಕೊಂಡ ತಾಯಿಯನ್ನು 2023ರಲ್ಲಿ ಕೇರಳ ಹೈಕೋರ್ಟ್ ಆರೋಪಮುಕ್ತಗೊಳಿಸಿದ್ದೂ ಇದೇ ಹಾದಿಯಲ್ಲಿ.

2024ರ ಜುಲೈನಿಂದ ಹಳೆಯ 292 ಹೋಗಿ ಭಾರತೀಯ ನ್ಯಾಯ ಸಂಹಿತೆಯ 294 ಬಂದಿದೆ. ಅಶ್ಲೀಲತೆಯ ವಿವರಣೆ ಹೆಚ್ಚೂಕಡಿಮೆ ಹಳೆಯದೇ. ಅದನ್ನು ಓದುವ ಸುಪ್ರೀಂ ಕೋರ್ಟಿನ ಕಣ್ಣು ಬದಲಾಗಿದೆ, ನಿಜ. ಆದರೆ ದೂರು ಮೊದಲು ತಲುಪುವುದು ಪೊಲೀಸ್ ಠಾಣೆಗೆ. ಹೆಬ್ಬಾವು ಸುತ್ತಿಕೊಂಡು ಬೆತ್ತಲೆಯಾಗಿ ಶೂ ಜಾಹೀರಾತಿಗೆ ನಿಂತ ಮಿಲಿಂದ್ ಸೋಮನ್, ಮಧು ಸಪ್ರೆ ಅವರ ಮೇಲೆ 1995ರಲ್ಲಿ ಬಿದ್ದ ಕೇಸು ಖುಲಾಸೆಯಾದದ್ದು 2009ರಲ್ಲಿ. ತೀರ್ಪು ಅವರ ಪರವಾಗಿಯೇ ಬಂತು. ಹದಿನಾಲ್ಕು ವರ್ಷದ ಅಲೆದಾಟವನ್ನು ಯಾವ ತೀರ್ಪೂ ವಾಪಸು ಕೊಡಲಾರದು.