ಮಾವಿನ ಮಾರಾಟವೂ ಗಿರಾಕಿಗಳ ಅಭಿಪ್ರಾಯವೂ

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕು ಮಾವಿನ ಬೆಳೆಗೆ ಹೆಸರಾದುದು. ಅಲ್ಲಿಯ ಫಸಲು ಮಂಡಿಗೆ ಹೋದರೆ, ಹಣ್ಣನ್ನು ತಿಂದವನ ಮಾತು ಬೆಳೆದವನ ಕಿವಿಗೆ ಬೀಳುವುದು ಅಪೂರ್ವ. 2018ರಲ್ಲಿ ಬಳಕೆಗೆ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಎಂಬ ಸಾಧನವು ಈ ಕೊರತೆಯನ್ನು ನೀಗಿಸಬಲ್ಲುದು. ತಳಿ, ತೂಕ, ಬೆಲೆ ಮತ್ತು ಚಿತ್ರಗಳನ್ನು ಅದರಲ್ಲಿ ಪಟ್ಟಿಯಾಗಿ ತೋರಿಸಬಹುದು. ಗಿರಾಕಿಯು ಬೇಡಿಕೆಯನ್ನೂ ದೂರನ್ನೂ ಅಲ್ಲಿಯೇ ಬರೆಯಬಹುದು.

ದೂರು ಬಂದಾಗ ಬೇಸರಪಡದೆ ಅದರ ಕಾರಣವನ್ನು ತೋಟದಲ್ಲಿ ಹುಡುಕತಕ್ಕದ್ದು. ಸಿಪ್ಪೆಯು ಕಪ್ಪಾಗಿದೆಯೆಂದು ಹಲವರು ತಿಳಿಸಿದರೆ, ಕೊಯ್ಲಿನಲ್ಲಿ ಸೊನೆಯು ತಗಲಿರಬಹುದು. ಕಾಯನ್ನು ಮೂರು ನಾಲ್ಕು ಅಂಗುಲ ತೊಟ್ಟಿನೊಡನೆ ಕೊಯ್ದು, ನೆರಳಿನಲ್ಲಿ ತೊಟ್ಟನ್ನು ಕತ್ತರಿಸಿ, ಆ ಭಾಗವನ್ನು ಕೆಳಮುಖವಾಗಿಟ್ಟು ಸೊನೆಯನ್ನು ಸುರಿಸಿದರೆ ಈ ದೋಷವು ಕಡಿಮೆಯಾಗುವುದು. ಮಾಡಿದ ಸುಧಾರಣೆಯನ್ನು ದೂರಿತ್ತವರಿಗೆ ಕೂಡಲೇ ತಿಳಿಸಬೇಕು. ಕೆಟ್ಟ ಹಣ್ಣಿನ ಹಣವನ್ನು ಹಿಂದಿರುಗಿಸುವುದು ಲೇಸು.

ಬಂಧುಗಳಿಂದ ಸುಳ್ಳು ಹೊಗಳಿಕೆಯನ್ನು ಬರೆಯಿಸುವುದು ಸರ್ವಥಾ ಸಲ್ಲದು. ಇಂತಹ ಅಭಿಪ್ರಾಯಗಳನ್ನು ತಡೆಯಲೆಂದೇ ಭಾರತೀಯ ಮಾನಕ ಸಂಸ್ಥೆಯು 2022ರಲ್ಲಿ ಐಎಸ್ 19000 ಎಂಬ ಮಾನಕವನ್ನು ಹೊರಡಿಸಿದೆ.

ಒಂದು ತೋಟದ ಕೆಟ್ಟ ಪೆಟ್ಟಿಗೆಯಿಂದ ಊರಿನ ಹೆಸರೇ ಕೆಡಬಹುದು. ಆದುದರಿಂದ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಫಸಲಿನ ಕಾಲದಲ್ಲಿ ವಾರಕ್ಕೊಮ್ಮೆ ಕಲೆತು, ಬಂದ ದೂರುಗಳನ್ನು ಓದಿಸಿ, ತಕ್ಕ ಕ್ರಮವನ್ನು ಕೈಕೊಳ್ಳುವುದು ಶ್ರೇಯಸ್ಕರ.