ಜೀವಚ್ಛವ, ಬೇಲಿ ಮತ್ತು ಧಾರಾವಿ

ಪಾಶ್ಚಾತ್ಯ ದೇಶಗಳ ತರುಣ ವಾಚಕರಲ್ಲಿ ‘ಜೋಂಬಿ’ ಕಾದಂಬರಿಯೆಂಬ ಪ್ರಕಾರವೊಂದು ವಿಶೇಷವಾಗಿ ಪ್ರಚಾರದಲ್ಲಿದೆ. ಸತ್ತವರು ಎದ್ದು ನಡೆಯುತ್ತಾರೆ. ಅವರು ಕಚ್ಚಿದವರೂ ಅವರಂತೆಯೇ ಆಗುತ್ತಾರೆ. ನಗರಗಳು ಹಾಳು ಬೀಳುತ್ತವೆ. ಅಳಿದುಳಿದವರ ವೃತ್ತಾಂತವನ್ನು ಎಷ್ಟೋ ವೇಳೆ ಹದಿಹರೆಯದವರೊಬ್ಬರು ನಿರೂಪಿಸುತ್ತಾರೆ. ಇದನ್ನು ಅಗ್ಗದ ಭಯಾನಕವೆಂದು ತಳ್ಳಿಹಾಕುವುದು ಸುಲಭ. ಆದರೆ ಅದರೊಳಗಿನ ಪ್ರಶ್ನೆ ಮುಂಬಯಿ ಕನ್ನಡಿಗರಿಗೆ ಅಪರಿಚಿತವಾದುದಲ್ಲ.

ಈ ಕಲ್ಪನೆ ಲೋಕಕ್ಕೆ ಪರಿಚಿತವಾದದ್ದು ಕೆರಿಬಿಯನ್ ಸಮುದ್ರದ ಹೈಟಿ ದೇಶದ ಜನಪದ ನಂಬಿಕೆಗಳ ಮೂಲಕ. ಅಲ್ಲಿಯ ಜೋಂಬಿ ನರಭಕ್ಷಕವಲ್ಲ. ಮಾಂತ್ರಿಕನು ಗೋರಿಯಿಂದೆಬ್ಬಿಸಿ ದುಡಿಸಿಕೊಳ್ಳುವ, ಸ್ವಂತ ಇಚ್ಛೆಯಿಲ್ಲದ ದೇಹ. ಗುಲಾಮಗಿರಿಯನ್ನು ಕಂಡುಂಡ ಜನಕ್ಕೆ, ಸತ್ತ ಮೇಲೂ ದುಡಿಮೆ ತಪ್ಪದೆಂಬುದೇ ಪರಮಭೀತಿಯಾಗಿತ್ತು. ಕನ್ನಡದ ‘ಜೀವಚ್ಛವ’ ಎಂಬ ಮಾತು ಈ ಮೂಲಾರ್ಥಕ್ಕೆ ಬಹು ಸಮೀಪದ್ದು. 1929ರಲ್ಲಿ ವಿಲಿಯಂ ಸೀಬ್ರೂಕನ ‘ದಿ ಮ್ಯಾಜಿಕ್ ಐಲ್ಯಾಂಡ್’ ಈ ನಂಬಿಕೆಯನ್ನು ಇಂಗ್ಲಿಷ್ ವಾಚಕರಲ್ಲಿ ಪ್ರಚುರಪಡಿಸಿತು. ಸಾಂಕ್ರಾಮಿಕದಿಂದ ಲೋಕವೇ ಅಳಿಯುವ ಕಥೆಯನ್ನು, ರಕ್ತಪಿಪಾಸುಗಳ ರೂಪದಲ್ಲಿ, ರಿಚರ್ಡ್ ಮ್ಯಾಥೆಸನ್ 1954ರ ‘ಐ ಆಮ್ ಲೆಜೆಂಡ್’ ಕಾದಂಬರಿಯಲ್ಲಿ ಹೇಳಿದನು. 1968ರಲ್ಲಿ ಜಾರ್ಜ್ ರೊಮೆರೊನ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಚಲನಚಿತ್ರದಿಂದ ಈಗಿನ ರೂಪ ನೆಲೆಗೊಂಡಿತು.

ಶವದಲ್ಲಿ ಸೇರಿಕೊಳ್ಳುವ ಬೇತಾಳವು ಭಾರತೀಯ ಕಥಾಪರಂಪರೆಗೆ ಹಳೆಯ ಪರಿಚಯ. ಆದರೆ ಬೇತಾಳ ಮಾತನಾಡುತ್ತದೆ, ವಿಕ್ರಮರಾಜನಿಗೆ ಧರ್ಮಸೂಕ್ಷ್ಮದ ಪ್ರಶ್ನೆಗಳನ್ನೊಡ್ಡುತ್ತದೆ. ಜೋಂಬಿಗೆ ಮಾತಿಲ್ಲ. ಆದುದರಿಂದ ಪ್ರಶ್ನೆ ಕೇಳುವ ಹೊಣೆ ಬದುಕಿರುವವರ ಮೇಲೆ, ಅದರಲ್ಲಿಯೂ ಹಿರಿಯರ ಕಟ್ಟಳೆಗಳಿಗೆ ಇನ್ನೂ ಒಗ್ಗದ ಕಿರಿಯರ ಮೇಲೆ ಬೀಳುತ್ತದೆ. ತರುಣ ನಿರೂಪಕರ ಔಚಿತ್ಯವಿರುವುದು ಇಲ್ಲಿಯೇ. ಕ್ಯಾರಿ ರಾಯನ್ ಅವರ ‘ದಿ ಫಾರೆಸ್ಟ್ ಆಫ್ ಹ್ಯಾಂಡ್ಸ್ ಆ್ಯಂಡ್ ಟೀತ್’ (2009) ಕಾದಂಬರಿಯ ಮೇರಿ ಬೇಲಿಯೊಳಗಿನ ಹಳ್ಳಿಯವಳು. ಸೋಂಕು ತಗುಲಿದ ತಾಯಿ ಬೇಲಿಯಾಚೆಯವರಲ್ಲೊಬ್ಬಳಾಗುತ್ತಾಳೆ. ಬೇಲಿಯಾಚೆ ಏನಿದೆಯೆಂದು ಮಗಳು ಕೇಳತೊಡಗುತ್ತಾಳೆ. ನಿನ್ನೆ ತನ್ನವಳಾಗಿದ್ದವಳು ಇಂದು ಹೊರಗಿನವಳಾದುದು ಹೇಗೆಂಬ ಸಂಕಟವೇ ಈ ಪ್ರಕಾರದ ತಿರುಳು.

ಕನ್ನಡದಲ್ಲಿ ಈ ಸಂಕಟಕ್ಕೆ ಅತಿ ಸಮೀಪದ ಕೃತಿ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965). ಅಲ್ಲಿ ಶವ ಎದ್ದು ನಡೆಯುವುದಿಲ್ಲ. ಬಿದ್ದಲ್ಲಿಯೇ ಇದ್ದು ಇಡೀ ಅಗ್ರಹಾರವನ್ನು ನಡುಗಿಸುತ್ತದೆ. ಪ್ಲೇಗಿನ ಇಲಿಗಳು ಸಾಯುತ್ತಿರುವಾಗ, ನಾರಣಪ್ಪನಿಗೆ ಸಂಸ್ಕಾರ ಮಾಡತಕ್ಕವರಾರೆಂಬ ಜಿಜ್ಞಾಸೆ ಮುಗಿಯುವುದೇ ಇಲ್ಲ. ಕಡೆಗೆ ಅವನನ್ನು ರಾತ್ರಿಯಲ್ಲಿ ದಹಿಸುವವರು ಚಂದ್ರಿ ಮತ್ತು ಮೀನಿನ ವ್ಯಾಪಾರಿ ಅಹಮದ್ ಬ್ಯಾರಿ, ಅಂದರೆ ಅಗ್ರಹಾರದ ಬೇಲಿಯ ಹೊರಗಿನವರು.

ಇದೇ ಪರೀಕ್ಷೆ 2020ರಲ್ಲಿ ಧಾರಾವಿಗೆ ಒದಗಿತು. ಕೋವಿಡ್ ರೋಗದ ಮೊದಲ ಪ್ರಕರಣ ಅಲ್ಲಿ ಏಪ್ರಿಲ್ 1ರಂದು ಪತ್ತೆಯಾಯಿತು. ಸುಮಾರು 2.5 ಚದರ ಕಿಲೋಮೀಟರಿನಲ್ಲಿ ಲಕ್ಷಗಟ್ಟಲೆ ಜನ; ಒಂದು ಕೋಣೆಯಲ್ಲಿ ಇಡೀ ಸಂಸಾರ; ಬಹುಜನರಿಗೆ ಸಾರ್ವಜನಿಕ ಶೌಚಾಲಯವೇ ಗತಿ. ಬಾಗಿಲು ಮುಚ್ಚಿ ಪಾರಾಗುವ ಮಾರ್ಗ ಅಲ್ಲಿರಲಿಲ್ಲ. ನಗರಪಾಲಿಕೆಯವರು, ಸ್ಥಳೀಯ ವೈದ್ಯರು, ಸ್ವಯಂಸೇವಕರು ಮನೆಮನೆಗೆ ಹೋಗಿ ಜ್ವರಪೀಡಿತರನ್ನು ಹುಡುಕಿದರು. ಶಾಲೆಗಳು ಪ್ರತ್ಯೇಕವಾಸದ ತಾಣಗಳಾದವು. ಸಾವುನೋವುಗಳಾದವಾದರೂ, ಊಹಿಸಿದ್ದ ಪ್ರಳಯ ಆಗ ಸಂಭವಿಸಲಿಲ್ಲ. ಜುಲೈ 10ರಂದು ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರು ಧಾರಾವಿಯನ್ನು ಮಾದರಿಯಾಗಿ ಉಲ್ಲೇಖಿಸಿದರು.

ಅದೇ ಕಾಲದಲ್ಲಿ ಕೆಲಸವಿಲ್ಲದೆ ಊರಿನ ಹಾದಿ ಹಿಡಿದವರಲ್ಲಿ ಮುಂಬಯಿಯ ಕನ್ನಡ ಕಾರ್ಮಿಕರೂ ಇದ್ದರು. ಮೇ 18ರಂದು ಕರ್ನಾಟಕ ಸರ್ಕಾರವು ಮಹಾರಾಷ್ಟ್ರವೂ ಸೇರಿದಂತೆ ನಾಲ್ಕು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಪ್ರಕಟಿಸಿತು. ಸೋಂಕನ್ನು ತಡೆಯುವ ಕಾರಣ ಅದಕ್ಕಿತ್ತು. ಆದರೂ ‘ಮುಂಬಯಿಯಿಂದ ಬಂದವರು’ ಎಂಬ ಮಾತೇ ಶಂಕೆಯ ಮಾತಾಯಿತು. ತಾಯ್ನಾಡಿನ ಬೇಲಿಯಾಚೆ ನಿಂತವರು ಆ ನಾಡಿನ ಮಕ್ಕಳೇ ಆಗಿದ್ದರು.

ಅಂದು ಧಾರಾವಿಯಲ್ಲಿ ಹದಿನಾರು ವರ್ಷದವರಾಗಿದ್ದ ಕನ್ನಡ ಮಕ್ಕಳಿಗೆ ಈಗ ಬರೆಯುವ ವಯಸ್ಸು. ಅವರಲ್ಲೊಬ್ಬರು ಇಂಥ ಕಾದಂಬರಿಯನ್ನು ಬರೆಯುವುದಾದರೆ, ಬೇಲಿಯ ಒಳಗನ್ನೂ ಹೊರಗನ್ನೂ ಬಲ್ಲ ನಿರೂಪಕರೊಬ್ಬರು ಕನ್ನಡಕ್ಕೆ ದೊರೆತಾರು.