ಸ್ವಪ್ರಕಾಶಿತ ಇ-ಪುಸ್ತಕಗಳ ಗ್ರಂಥಸ್ವಾಮ್ಯ: ಹಕ್ಕು ಮತ್ತು ಆಧಾರ

ಪ್ರಕಾಶಕರ ನೆರವಿಲ್ಲದೆ ಲೇಖಕನೇ ತನ್ನ ಕೃತಿಯನ್ನು ಇ-ಪುಸ್ತಕವಾಗಿ ಹೊರತರುವ ಪದ್ಧತಿಯು ಅಧ್ಯಾಪಕರಲ್ಲಿಯೂ ಸಂಶೋಧನ ವಿದ್ಯಾರ್ಥಿಗಳಲ್ಲಿಯೂ ಈಚೆಗೆ ಬಳಕೆಗೆ ಬಂದಿದೆ. ಇಂತಹ ಪುಸ್ತಕಗಳ ವಿಷಯದಲ್ಲಿ ಎರಡು ಅಭಿಪ್ರಾಯಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ನೋಂದಣಿಯಾಗದ ಪುಸ್ತಕಕ್ಕೆ ಗ್ರಂಥಸ್ವಾಮ್ಯವೇ ಇಲ್ಲವೆಂಬುದು ಒಂದು. ಹಕ್ಕು ತಾನಾಗಿಯೇ ಬರುವುದರಿಂದ ಲೇಖಕನು ಮಾಡಬೇಕಾದುದು ಏನೂ ಇಲ್ಲವೆಂಬುದು ಮತ್ತೊಂದು. ಮೊದಲನೆಯದು ಶಾಸನಕ್ಕೆ ವಿರುದ್ಧವಾದುದು. ಎರಡನೆಯದು ವ್ಯವಹಾರದಲ್ಲಿ ಅಪಾಯಕರವಾದುದು. ಇದು ಹೇಗೆಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲನೆಯ ಅಭಿಪ್ರಾಯಕ್ಕೆ ಚಾರಿತ್ರಿಕ ಕಾರಣವುಂಟು. ಕಂಪನಿ ಸರಕಾರದ ೧೮೪೭ರ ಅಧಿನಿಯಮದ ಮೇರೆಗೆ, ದಾಖಲೆಯಲ್ಲಿ ನಮೂದಾಗದ ಗ್ರಂಥದ ಸ್ವಾಮಿಯು ದಾವೆ ಹೂಡುವಂತಿರಲಿಲ್ಲ. ೧೮೮೬ರ ಬರ್ನ್ ಒಡಂಬಡಿಕೆಯನ್ನು ೧೯೦೮ರಲ್ಲಿ ಬರ್ಲಿನ್ ನಗರದಲ್ಲಿ ಪರಿಷ್ಕರಿಸಿದಾಗ, ಹಕ್ಕನ್ನು ಅನುಭವಿಸಲು ಯಾವ ವಿಧಿಯನ್ನೂ ನಿಬಂಧನೆಯಾಗಿ ಇಡಕೂಡದೆಂಬ ತತ್ತ್ವವು ಸ್ಥಿರಪಟ್ಟಿತು. ಬ್ರಿಟನ್ನಿನ ೧೯೧೧ರ ಶಾಸನದಲ್ಲಿಯೂ ಅದನ್ನು ಅನುಸರಿಸಿದ ಭಾರತದ ೧೯೧೪ರ ಶಾಸನದಲ್ಲಿಯೂ ನೋಂದಣಿಯ ಕಟ್ಟಳೆ ಬಿದ್ದುಹೋಯಿತು. ೧೯೫೮ರ ಜನವರಿ ೨೧ರಂದು ಜಾರಿಗೆ ಬಂದ ೧೯೫೭ರ ಕಾಪಿರೈಟ್ ಅಧಿನಿಯಮವು ನೋಂದಣಿಗೆ ಅವಕಾಶವನ್ನು ಕಲ್ಪಿಸಿತಾದರೂ ಅದನ್ನು ಐಚ್ಛಿಕವಾಗಿಯೇ ಇರಿಸಿತು. ದಾವೆ ಹೂಡಲು ನೋಂದಣಿಯು ಆವಶ್ಯಕವಲ್ಲವೆಂದು ಮುಂಬಯಿಯ ಉಚ್ಚ ನ್ಯಾಯಾಲಯವು ೨೦೨೧ರಲ್ಲಿ ಸ್ಪಷ್ಟಪಡಿಸಿದೆ.

ಹೀಗಿರಲಾಗಿ ಕೃತಿಯು ಬರೆಹದ ರೂಪವನ್ನು ತಳೆದೊಡನೆಯೇ ಹಕ್ಕು ಹುಟ್ಟುತ್ತದೆ. ಸಾರ್ವಜನಿಕರಿಗೆ ಕೃತಿಯನ್ನು ತಲಪಿಸುವುದೂ ಪ್ರಕಟಣೆಯೆಂದೇ ಅಧಿನಿಯಮದ ೩ನೆಯ ಪ್ರಕರಣವು ಹೇಳುವುದರಿಂದ, ಕಾಗದವನ್ನು ಕಾಣದ ಇ-ಪುಸ್ತಕವೂ ಪ್ರಕಟಿತ ಗ್ರಂಥವೇ. ಲೇಖಕನ ಜೀವಿತಕಾಲದಲ್ಲಿಯೂ, ಅವನು ತೀರಿಕೊಂಡ ಮುಂದಿನ ವರ್ಷದಿಂದ ೬೦ ವರ್ಷಗಳವರೆಗೂ ಈ ಹಕ್ಕು ಉಳಿಯುತ್ತದೆ.

ಇನ್ನು ಎರಡನೆಯ ಅಭಿಪ್ರಾಯ. ಹಕ್ಕು ಇರುವುದು ಬೇರೆ, ಅದನ್ನು ಸ್ಥಾಪಿಸುವುದು ಬೇರೆ. ಮುದ್ರಿತ ಗ್ರಂಥವು ಹಲವು ಕುರುಹುಗಳನ್ನು ತಾನೇ ಬಿಟ್ಟುಹೋಗುತ್ತದೆ. ಮುದ್ರಣಾಲಯದ ಲೆಕ್ಕ, ಅಂಗಡಿಯ ರಸೀದಿ ಇವು ಹಾಗಿರಲಿ. ೧೯೫೪ರ ಗ್ರಂಥ ಸಲ್ಲಿಕೆಯ ಅಧಿನಿಯಮದಂತೆ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಮೂರು ಗ್ರಂಥಾಲಯಗಳಿಗೂ ಪ್ರಕಾಶಕನು ಪ್ರತಿಗಳನ್ನು ಸಲ್ಲಿಸಬೇಕು. ಮುದ್ರಿತ ಪುಸ್ತಕಗಳನ್ನು ಉದ್ದೇಶಿಸಿ ರಚಿತವಾದ ಆ ಶಾಸನದಲ್ಲಿ ಇ-ಪುಸ್ತಕದ ಸ್ಪಷ್ಟ ಉಲ್ಲೇಖವಿಲ್ಲ. ಕಂಪ್ಯೂಟರಿನ ಕಡತದ ಮೇಲೆ ಕಾಣುವ ದಿನಾಂಕವಾದರೋ ಪ್ರತಿಮಾಡಿದಾಗ, ತಿದ್ದಿದಾಗ ಬದಲಾಗಬಲ್ಲುದು. ಕಾಲನಿರ್ದೇಶವಿಲ್ಲದ ಓಲೆಯ ಪ್ರತಿಯನ್ನು ಪರಿಶೀಲಿಸುವ ಸಂಶೋಧಕನಿಗೆ ಒದಗುವ ತೊಡಕೇ ಇಲ್ಲಿ ನ್ಯಾಯಾಧೀಶನಿಗೂ ಒದಗುತ್ತದೆ.

ಮಾರಾಟದ ತಾಣದಲ್ಲಿ ತನ್ನ ಹೆಸರಿರುವುದೇ ಸಾಕೆಂದು ನಂಬುವಂತಿಲ್ಲ. ೨೦೦೯ರಲ್ಲಿ ಹಕ್ಕಿಲ್ಲದವರು ಅಮೆಜಾನ್ ತಾಣಕ್ಕೆ ಏರಿಸಿದ್ದ ಜಾರ್ಜ್ ಆರ್ವೆಲನ ಕೃತಿಗಳು ಅಲ್ಲಿ ಮಾರಾಟವಾದವು. ಬಳಿಕ ಆ ಸಂಸ್ಥೆಯು ಅವನ್ನು ಓದುಗರ ಉಪಕರಣಗಳಿಂದಲೇ ಅಳಿಸಿಹಾಕಿತು. ಏರಿಸಿದವನ ಮಾತನ್ನು ನಂಬಿಯೇ ಇಂತಹ ಮಾರಾಟವು ನಡೆಯುತ್ತದೆಂಬುದು ಇದರಿಂದ ವಿದಿತವಾಗುತ್ತದೆ.

ಆಧಾರವು ಮೊದಲೇ ಸಿದ್ಧವಾಗಿರಬೇಕೆಂಬುದಕ್ಕೆ ಮುಖ್ಯ ಕಾರಣವು ಕಾಲದ ಅಭಾವ. ತನ್ನ ಪುಸ್ತಕದ ಕಳ್ಳಪ್ರತಿಗೆ ಅಂತರ್ಜಾಲದಲ್ಲಿ ಎಡೆಗೊಟ್ಟ ಮಧ್ಯವರ್ತಿಗೆ ಲೇಖಕನು ೫೨ನೆಯ ಪ್ರಕರಣದ ಮೇರೆಗೆ ಲಿಖಿತ ದೂರನ್ನು ಕೊಡಬಹುದು. ತಾನೇ ಸ್ವಾಮಿಯೆಂಬುದನ್ನು ಸ್ಥಾಪಿಸುವ ವಿವರಗಳು ಆ ದೂರಿನಲ್ಲಿಯೇ ಇರಬೇಕು. ದೂರು ಸಮರ್ಪಕವಾಗಿದ್ದರೆ, ೨೦೧೩ರ ನಿಯಮಗಳಂತೆ, ೩೬ ಗಂಟೆಗಳೊಳಗೆ ಪ್ರತಿಯು ದೊರೆಯದಂತೆ ಮಾಡಬೇಕಾಗುತ್ತದೆ. ಆದರೆ ೨೧ ದಿನಗಳೊಳಗೆ ನ್ಯಾಯಾಲಯದ ಆಜ್ಞೆಯನ್ನು ತರದಿದ್ದಲ್ಲಿ ಮಧ್ಯವರ್ತಿಯು ಅದನ್ನು ಪುನಃ ತೆರೆದಿಡಬಹುದು. ಕಳವು ಕಂಡ ಮೇಲೆ ನೋಂದಣಿಗೆ ಹೊರಟರೆ, ಆಕ್ಷೇಪಣೆಗಳಿಗಾಗಿ ಕಾಯಬೇಕಾದ ಅವಧಿಯೇ ೩೦ ದಿನಗಳು! ಲೇಖಕನು ತಾನು ವಾಸಿಸುವ ಸ್ಥಳದ ಜಿಲ್ಲಾ ನ್ಯಾಯಾಲಯದಲ್ಲಿಯೇ ದಾವೆ ಹೂಡಬಹುದೆಂಬುದು ಒಂದು ಸೌಕರ್ಯ. ಆದರೆ ಬರಿಗೈಯಲ್ಲಿ ಹೋದವನಿಗೆ ಅದರಿಂದ ಪ್ರಯೋಜನ ಅಲ್ಪ.

ಆದಕಾರಣ ಪ್ರಕಟಣೆಗೆ ಮುಂಚೆಯೇ ಕೆಲವು ಕಾರ್ಯಗಳು ನಡೆಯತಕ್ಕದ್ದು. ಕರಡುಗಳನ್ನು ಒಂದರ ಮೇಲೊಂದು ಅಳಿಸದೆ ಕ್ರಮವಾಗಿ ಕಾದಿಡುವುದು. ಅವನ್ನು ಸಹೋದ್ಯೋಗಿಗಳಿಗೆ ಕಳುಹಿಸಿದ ಮಿಂಚಂಚೆಗಳನ್ನು ಉಳಿಸಿಕೊಳ್ಳುವುದು. ಸ್ವಾಮಿಯ ಹೆಸರನ್ನೂ ವರ್ಷವನ್ನೂ ಪುಸ್ತಕದ ಮೊದಲಲ್ಲಿ ನಮೂದಿಸುವುದು. ಸಾಧ್ಯವಾದಲ್ಲಿ ನೋಂದಣಿ ಮಾಡಿಸುವುದು. ೪೮ನೆಯ ಪ್ರಕರಣದಂತೆ ನೋಂದಣಿ ಪುಸ್ತಕದ ನಮೂದು ಮೇಲ್ನೋಟದ ಸಾಕ್ಷ್ಯವೆನಿಸುತ್ತದೆ. ಸುಳ್ಳೆಂದು ತೋರಿಸುವ ಹೊಣೆ ಆಗ ಪ್ರತಿವಾದಿಯದು.

ಈ ರಕ್ಷಣೆಗೆ ಒಂದು ಮೇರೆಯೂ ಉಂಟು. ಕಲ್ಪನೆ, ವಿಷಯವಸ್ತು, ಚಾರಿತ್ರಿಕ ಸಂಗತಿ ಇವುಗಳಿಗೆ ಗ್ರಂಥಸ್ವಾಮ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಆರ್. ಜಿ. ಆನಂದ್ ಮೊಕದ್ದಮೆಯಲ್ಲಿ ೧೯೭೮ರಲ್ಲಿ ನಿರ್ಣಯಿಸಿತು. ಶಾಸನವೊಂದರ ಕಾಲವನ್ನು ನಿರ್ಧರಿಸಿದ ವಿದ್ವಾಂಸನು ಆ ಕಾಲಕ್ಕೆ ಒಡೆಯನಾಗುವುದಿಲ್ಲ. ಅದನ್ನು ನಿರೂಪಿಸಿದ ತನ್ನ ವಾಕ್ಯಗಳಿಗೆ ಮಾತ್ರ ಒಡೆಯ. ಜ್ಞಾನದ ಬೆಳವಣಿಗೆಗೆ ಇದು ಅಗತ್ಯ. ಆದರೆ ಆ ವಾಕ್ಯಗಳಾದರೂ ತನ್ನವೆಂದು ತೋರಿಸಬೇಕಾದವನು ಲೇಖಕನೇ. ಪರರ ದಾಖಲೆಗಳನ್ನು ಆಧಾರವಿಲ್ಲದೆ ಒಪ್ಪದ ನಾವು ನಮ್ಮ ದಾಖಲೆಗಳ ವಿಷಯದಲ್ಲಿಯೂ ಅದೇ ಎಚ್ಚರಿಕೆಯನ್ನು ವಹಿಸುವುದು ಯುಕ್ತ.